ಎಲೆಯೂ ಶಂಕುವೂ ಒಂದೇ ಮರದವೇ? ಕರೇವಾ ಜೇಡಿಯ ಆಲ್ಡರ್ ಕುರಿತ ಒಂದು ಪ್ರಕರಣ ಅಧ್ಯಯನ

ಕಾಸರಗೋಡಿನ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ತಮ್ಮ ಕಿರುಪ್ರಬಂಧದ ಕರಡಿನಲ್ಲಿ ಆಲ್ಡರ್ ಕುಲದ ಹೊಸ ಪಳೆಯುಳಿಕೆ ಪ್ರಭೇದವೊಂದನ್ನು ಪ್ರಸ್ತಾಪಿಸಿದ್ದರು. ಅದಕ್ಕೆ ಆಧಾರವಾಗಿದ್ದುದು ಗಟ್ಟಿಯಾದ ಜೇಡಿಮಣ್ಣಿನ ಮೂರು ಚಪ್ಪಡಿಗಳು. ಒಂದರಲ್ಲಿ ಪೂರ್ಣ ಎಲೆಯ ಅಚ್ಚಿತ್ತು, ಇನ್ನೊಂದರಲ್ಲಿ ಎರಡು ಪುಟ್ಟ ಶಂಕುಗಳು, ಅಂದರೆ ಶಂಕುವಿನಾಕಾರದ ಕಾಯಿಗೊನೆಗಳು, ಇದ್ದವು, ಮೂರನೆಯದರಲ್ಲಿ ಎಲೆಯ ತುಂಡೊಂದು ಮತ್ತು ಶಂಕುವೊಂದು ಬೆರಳಗಲದ ಅಂತರದಲ್ಲಿ ಮಲಗಿದ್ದವು. ಕರಡಿನಲ್ಲಿ ವಿವರಣೆ ಅಚ್ಚುಕಟ್ಟಾಗಿತ್ತು, ಚಿತ್ರಗಳು ಸ್ಪಷ್ಟವಾಗಿದ್ದವು, ಹೆಸರನ್ನೂ ಆರಿಸಿಯಾಗಿತ್ತು. ಮಾರ್ಗದರ್ಶಕನಾಗಿ ನಾನು ಆ ಹೆಸರಿಗೆ ಒಪ್ಪಿಗೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ, ಅದರ ಬದಲು ಏನು ಬರೆಯಲಾಯಿತು ಎಂಬುದು ಈ ಅಧ್ಯಯನದ ವಿಷಯ.

ಆಲ್ಡರ್ ನಮ್ಮ ಕಡೆಯ ಮರವಲ್ಲ. ಅದು ಭೂರ್ಜದ ಕುಟುಂಬಕ್ಕೆ, ಅಂದರೆ ಬೆಟುಲೇಸಿಗೆ ಸೇರಿದ್ದು. ಆಲ್ನಸ್ ಎಂಬ ಈ ಕುಲದ ಹೆಚ್ಚಿನ ಪ್ರಭೇದಗಳು ಉತ್ತರಾರ್ಧಗೋಳದ ತಂಪು ನಾಡುಗಳಲ್ಲಿ ತೊರೆ, ಕೆರೆಗಳ ಅಂಚಿನಲ್ಲಿ ಬೆಳೆಯುತ್ತವೆ. ಇದರ ಬೇರಿನ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ನೆಲೆಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ, ಹೊಸದಾಗಿ ಕುಸಿದ ಮಣ್ಣಿನ ಬರೆಯಲ್ಲೂ ಬರಡು ಮರಳಿನಲ್ಲೂ ಇದು ಬೇಗನೆ ತಳವೂರುತ್ತದೆ. ನೀರಿನ ಅಂಚಿನಲ್ಲಿರುವ ಮರದ ಎಲೆ ಕೆಸರಿಗೆ ಬೀಳುವುದೂ ಸುಲಭವಾದ್ದರಿಂದ ಪಳೆಯುಳಿಕೆಗಳಲ್ಲಿ ಆಲ್ಡರ್ ಧಾರಾಳವಾಗಿ ಸಿಗುತ್ತದೆ. ಭಾರತದಲ್ಲಿ ಇಂದು ಬೆಳೆಯುವ ಪ್ರಭೇದಗಳಲ್ಲಿ ಎರಡು ಈ ಪ್ರಕರಣಕ್ಕೆ ಮುಖ್ಯ: ಹಿಮಾಲಯದ ಉದ್ದಕ್ಕೂ ಈಶಾನ್ಯದ ಬೆಟ್ಟಗಳವರೆಗೆ ಹರಡಿರುವ ಆಲ್ನಸ್ ನೆಪಾಲೆನ್ಸಿಸ್ ಮತ್ತು ವಾಯವ್ಯ ಹಿಮಾಲಯದ ಆಲ್ನಸ್ ನಿಟಿಡಾ.

ಚಪ್ಪಡಿಗಳ ಹಿನ್ನೆಲೆ

ಚಪ್ಪಡಿಗಳನ್ನು ಕೊಟ್ಟವರು ಪೆರ್ಲದ ಕಡೆಯ ನಿವೃತ್ತ ಸೈನಿಕರೊಬ್ಬರು. ಕಾಶ್ಮೀರದಲ್ಲಿ ಸೇವೆಯಲ್ಲಿದ್ದಾಗ ಎತ್ತಿಕೊಂಡವನ್ನು ಅವರು ಪತ್ರಿಕೆಯಲ್ಲಿ ಸುತ್ತಿ ಮನೆಯ ಅಟ್ಟದಲ್ಲಿ ಇಟ್ಟಿದ್ದರು. ಸಿಕ್ಕಿದ ಜಾಗವನ್ನು ಕೇಳಿದಾಗ, "ಮಾಷ್ಟ್ರೇ, ನಮ್ಮ ಪೋಸ್ಟಿನ ಕೆಳಗೆ ಒಂದು ತೋಡು ಉಂಟು, ಅದರ ಬರೆ ಕುಸಿದಲ್ಲಿ ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು, ಗುಲ್ಮಾರ್ಗಿನ ಈಚೆ" ಎಂದರು. ಅದಕ್ಕಿಂತ ಹೆಚ್ಚಿನದು ಅವರ ನೆನಪಿನಲ್ಲಿ ಇರಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಆ ವರ್ಣನೆ ಕರೇವಾ ನಿಕ್ಷೇಪಗಳಿಗೆ ಸರಿಯಾಗಿ ಹೊಂದುತ್ತದೆ. ಪೀರ್ ಪಂಜಾಲ್ ಶ್ರೇಣಿ ಮೇಲೇಳುತ್ತ ಕಣಿವೆಯ ನೀರಿಗೆ ಅಡ್ಡಗಟ್ಟಿದಾಗ ಅಲ್ಲಿ ದೊಡ್ಡ ಸರೋವರವಾಗಿ, ಸುಮಾರು 40 ಲಕ್ಷ ವರ್ಷಗಳ ಹಿಂದಿನಿಂದ ಕೆಸರು, ಮರಳು, ಜಲ್ಲಿಗಳು ಪದರ ಪದರವಾಗಿ ತುಂಬಿಕೊಂಡವು. ಇಂದು ಪಾಂಪೋರಿನ ಕೇಸರಿ ಬೆಳೆಯುವುದು ಇದೇ ಕರೇವಾ ದಿಬ್ಬಗಳ ಮೇಲೆ. ಕೆಳಗಿನ ಕರೇವಾದ ಜೇಡಿ ಪದರಗಳಲ್ಲಿ ಎಲೆಗಳು ಸಿಗುತ್ತವೆ. ಲರೇದುರ, ನಿಂಗಲ್ ನಾಲಾ, ಲಿದ್ದರಮರ್ಗ್ ಮೊದಲಾದ ಜಾಗಗಳಿಂದ ಸಂಗ್ರಹವಾದ ಎಲೆ, ಹಣ್ಣುಗಳನ್ನು ಜಿ. ಎಸ್. ಪುರಿ 1940ರ ದಶಕದಲ್ಲಿ ವಿಸ್ತಾರವಾಗಿ ಅಧ್ಯಯನ ಮಾಡಿದರು. ಅವರು ಗುರುತಿಸಿದವುಗಳಲ್ಲಿ ಬಹುಪಾಲು ಇಂದೂ ಬದುಕಿರುವ ಪ್ರಭೇದಗಳೇ, ಆಲ್ಡರ್ ಕೂಡ ಆ ಪಟ್ಟಿಗಳಲ್ಲಿದೆ. ಹೀಗಾಗಿ ಕರೇವಾದ ಎಲೆಯೊಂದನ್ನು ಹೊಸ ಪ್ರಭೇದ ಎನ್ನುವವರು, ಅದು ಬದುಕಿರುವ ಯಾವ ಆಲ್ಡರಿನದೂ ಅಲ್ಲ ಎಂಬುದನ್ನು ಮೊದಲು ತೋರಿಸಬೇಕಾಗುತ್ತದೆ. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲಿನ ಮೇಲೆ ಕೆಲಸ ಮಾಡುವವರಿಗೆ ಈ ಹೊರೆ ಇಷ್ಟು ಭಾರವಾಗಿ ಇರುವುದಿಲ್ಲ.

ಕಾಸರಗೋಡಿನಲ್ಲಿ ಕುಳಿತು ಕಾಶ್ಮೀರದ ಮಣ್ಣಿನ ಮೇಲೆ ಕೆಲಸವೇಕೆ ಎಂಬ ಪ್ರಶ್ನೆ ವಿಭಾಗದಲ್ಲೇ ಬಂದಿತ್ತು. ನಮ್ಮ ಮುರಕಲ್ಲಿನಲ್ಲಿ ಇಂತಹ ಎಲೆಯಚ್ಚು ಹುಡುಕಿದರೆ ಕೈಗೆ ಬರುವುದು ಕಡಿಮೆ. ಮಳೆನೀರು ಬಂಡೆಯನ್ನು ಕೊಳೆಸಿ, ಕರಗುವುದನ್ನೆಲ್ಲ ಒಯ್ದು, ಕಬ್ಬಿಣ ಅಲ್ಯುಮಿನಿಯಮ್‌ಗಳನ್ನು ಉಳಿಸಿ ಮಾಡಿದ ಕಲ್ಲು ಅದು. ಗಾಳಿಯಾಡುವ ಆ ಕೆಂಪು ನೆಲದಲ್ಲಿ ಎಲೆ ಎಲೆಯಾಗಿ ಉಳಿಯುವುದಿಲ್ಲ. ವಿದ್ಯಾರ್ಥಿಗಳಿಗೆ ಕೈಯಿಂದ ಮುಟ್ಟಿ ಕಲಿಯಲು ಇಂತಹ ವಸ್ತು ಸಿಕ್ಕಿದ್ದೇ ದೊಡ್ಡದು.

ಒಂದು ತೊಡಕಿತ್ತು. ಎಲೆ ಚೆನ್ನಾಗಿ ಕಾಣಲೆಂದು ಅವರ ಮನೆಯವರು ಚಪ್ಪಡಿಗಳಿಗೆ ಬಾಗಿಲಿನ ವಾರ್ನಿಶ್ ಬಳಿದಿದ್ದರು. ನೋಡುವುದಕ್ಕೆ ಹೊಳಪೇನೋ ಬಂದಿತ್ತು, ಆದರೆ ಕಿರುನರಗಳ ನಡುವಿನ ತಗ್ಗುಗಳೆಲ್ಲ ಅಂಟಿನಿಂದ ತುಂಬಿಹೋಗಿದ್ದವು. ಹತ್ತಿಯ ಕಡ್ಡಿಯನ್ನು ಅಸಿಟೋನಿನಲ್ಲಿ ಅದ್ದಿ, ಉಜ್ಜದೆ ಒತ್ತಿ ಎತ್ತಿ, ಒಂದೊಂದು ಚೂರು ಜಾಗವನ್ನು ಬಿಡಿಸಬೇಕಾಯಿತು. ನೀರು ತಾಗಿದರೆ ಜೇಡಿ ಉಬ್ಬಿ ಪದರ ಏಳುವುದರಿಂದ ತೊಳೆಯುವ ಮಾತೇ ಇರಲಿಲ್ಲ. ಶುಚಿಯಾದ ಮೇಲೆ ಕೋಣೆ ಕತ್ತಲು ಮಾಡಿ, ಸಣ್ಣ ಟಾರ್ಚನ್ನು ಚಪ್ಪಡಿಯ ಮಟ್ಟಕ್ಕೇ ಹಿಡಿದು ಓರೆ ಬೆಳಕು ಬಿಟ್ಟಾಗ, ನೇರ ಬೆಳಕಿನಲ್ಲಿ ಬರಿಯ ಕಂದು ಕಲೆಯಂತಿದ್ದ ಎಲೆಯಲ್ಲಿ ಪಕ್ಕನರಗಳ ನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡಹಾಯ್ದ ಕಿರುನರಗಳು ಎದ್ದು ಬಂದವು. ಪಳೆಯುಳಿಕೆ ಎಲೆಯ ಛಾಯಾಚಿತ್ರ ತೆಗೆಯುವವರು ಒಳ್ಳೆಯ ಕ್ಯಾಮರಾಗಿಂತ ಮೊದಲು ಈ ಓರೆ ಬೆಳಕನ್ನು ರೂಢಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕುಲದ ನಿರ್ಣಯ

ಇದು ಆಲ್ಡರ್ ಹೌದೇ ಎಂಬ ಮೊದಲ ಪ್ರಶ್ನೆಗೆ ಎಲೆಗಿಂತ ಶಂಕುವೇ ಗಟ್ಟಿಯಾದ ಉತ್ತರ ಕೊಟ್ಟಿತು. ಅಂಚಿನಲ್ಲಿ ಹಲ್ಲು, ಒಂದಕ್ಕೊಂದು ಸಮಾನಾಂತರವಾಗಿ ಸಾಗುವ ಪಕ್ಕನರ, ಏಣಿಯಂತಹ ಕಿರುನರ ಇವೆಲ್ಲ ಭೂರ್ಜದಲ್ಲೂ ಉಂಟು, ಅದೇ ಕುಟುಂಬದ ಕಾರ್ಪಿನಸ್‌ನಲ್ಲೂ ಉಂಟು, ಬೇರೆ ಕುಟುಂಬದ ಎಲ್ಮ್ ಮರದಲ್ಲೂ ಉಂಟು. ಎಲ್ಮ್ ಎಲೆಯ ಬುಡ ಸಾಮಾನ್ಯವಾಗಿ ಒಂದು ಕಡೆ ಇಳಿದು ಓರೆಯಾಗಿರುವುದರಿಂದ, ಬುಡ ಸಮವಾಗಿದ್ದ ನಮ್ಮ ಎಲೆಯ ಮಟ್ಟಿಗೆ ಅದನ್ನು ದೂರವಿಡಬಹುದಿತ್ತು. ಉಳಿದವುಗಳಿಂದ ಬೇರ್ಪಡಿಸಲು ಎಲೆಯೊಂದೇ ಸಾಲದು.

ಶಂಕುವಿನ ವಿಷಯ ಬೇರೆ. ಭೂರ್ಜದಲ್ಲಿ ಕಾಯಿ ಮಾಗಿದಾಗ ಮೂರು ಹಾಲೆಯ ತೆಳು ಶಲ್ಕಗಳು, ಅಂದರೆ ಕಾಯಿಗಳನ್ನು ಮುಚ್ಚಿದ ಪುಟ್ಟ ಹುರುಪೆಗಳು, ಕಿರುಕಾಯಿಗಳ ಜೊತೆಗೇ ಉದುರಿ ಇಡೀ ಗೊನೆ ಬಿಡಿಬಿಡಿಯಾಗುತ್ತದೆ. ಆಲ್ಡರಿನಲ್ಲಿ ಶಲ್ಕಗಳು ಐದು ಹಾಲೆಯವು, ಮರದಂತೆ ಗಟ್ಟಿಯಾಗುವಂಥವು. ಕಿರುಕಾಯಿಗಳು ಹೊರಬಿದ್ದ ಮೇಲೂ ಬರಿದಾದ ಶಂಕು ಕೊಂಬೆಯಲ್ಲಿ ತಿಂಗಳುಗಟ್ಟಲೆ ಉಳಿದು, ಕೊನೆಗೆ ಇಡಿಯಾಗಿಯೇ ನೀರಿಗೆ ಬೀಳುತ್ತದೆ. ಗಟ್ಟಿ ಶಲ್ಕಗಳ ಇಡೀ ಶಂಕು ಕೆಸರಿನಲ್ಲಿ ಸಿಕ್ಕಿತೆಂದರೆ, ಈ ಕುಟುಂಬದೊಳಗೆ ಅದು ಆಲ್ಡರ್ ಎನ್ನಲು ಹೆಚ್ಚು ಹಿಂಜರಿಯಬೇಕಾಗಿಲ್ಲ. ಎರಡನೆಯ ಚಪ್ಪಡಿಯ ಶಂಕುವೊಂದರ ಶಲ್ಕದ ತುದಿಯಲ್ಲಿ ಹಾಲೆಗಳನ್ನು ಎಣಿಸಲು ಸಾಧ್ಯವಾಯಿತು, ಐದಿದ್ದವು. ಶಂಕುಗಳು ಆಲ್ಡರಿನವು. ಎಲೆ ಆಲ್ಡರಿನದಾಗಿರುವ ಸಂಭವ ಹೆಚ್ಚು. ಈ ಎರಡು ವಾಕ್ಯಗಳ ತೂಕ ಒಂದೇ ಅಲ್ಲ ಎಂಬುದನ್ನು ಕರಡಿನಲ್ಲಿ ಮರೆಯಲಾಗಿತ್ತು.

ಹೊಸತನ ಎಲ್ಲಿಂದ ಬಂತು

ವಿದ್ಯಾರ್ಥಿನಿಯ ವಾದ ಜಾಣತನದ್ದು. ಎಲೆಯಲ್ಲಿ ಪಕ್ಕನರಗಳು ಸುಮಾರು ಹತ್ತು ಜೋಡಿ, ಅಂಚಿನಲ್ಲಿ ದೂರದೂರಕ್ಕೆ ಸಣ್ಣ ಹಲ್ಲುಗಳು. ನೆಪಾಲೆನ್ಸಿಸ್ ಎಲೆಯಲ್ಲಿ ಪಕ್ಕನರಗಳು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು, ಹನ್ನೆರಡಕ್ಕೂ ಮೇಲೆ. ಆದ್ದರಿಂದ ಎಲೆ ನಿಟಿಡಾದ ಕಡೆಗೆ ಒಲಿಯುತ್ತದೆ. ಶಂಕುಗಳೋ ಎರಡು ಸೆಂಟಿಮೀಟರಿಗಿಂತ ಚಿಕ್ಕವು. ನಿಟಿಡಾದ ಮಾಗಿದ ಶಂಕುಗಳು ಅದಕ್ಕಿಂತ ದೊಡ್ಡವು, ಒಂದು ಗೊನೆಯಲ್ಲಿ ಕೆಲವೇ ಇರುತ್ತವೆ. ನೆಪಾಲೆನ್ಸಿಸ್‌ನವು ಚಿಕ್ಕವು, ಕವಲೊಡೆದ ಗೊನೆಯಲ್ಲಿ ಹಲವಾರು. ಹಾಗಾಗಿ ಶಂಕು ನೆಪಾಲೆನ್ಸಿಸ್ ಕಡೆಗೆ ಒಲಿಯುತ್ತದೆ. ಒಂದರ ಎಲೆ, ಇನ್ನೊಂದರ ಶಂಕು, ಇಂತಹ ಜೋಡಣೆ ಬದುಕಿರುವ ಯಾವ ಪ್ರಭೇದದಲ್ಲೂ ಇಲ್ಲ, ಆದ್ದರಿಂದ ಇದು ಹೊಸದು.

ಈ ವಾದದ ಪ್ರತಿಯೊಂದು ಹಂತವೂ ಸರಿಯಿದ್ದರೂ ಇಡೀ ಕಟ್ಟಡ ನಿಂತಿರುವುದು ಎಲ್ಲೂ ಬರೆಯದ ಒಂದು ಊಹೆಯ ಮೇಲೆ: ಎಲೆಯೂ ಶಂಕುವೂ ಒಂದೇ ಬಗೆಯ ಮರದಿಂದ ಬಂದವು ಎಂಬುದರ ಮೇಲೆ. ಅದನ್ನು ತೆಗೆದುಬಿಟ್ಟರೆ ಹೊಸ ಲಕ್ಷಣ ಒಂದೂ ಉಳಿಯುವುದಿಲ್ಲ, ತೊರೆಯ ದಡದಲ್ಲಿದ್ದ ಎರಡು ಪರಿಚಿತ ಮರಗಳಷ್ಟೇ ಉಳಿಯುತ್ತವೆ. ಬೇರೆ ಸಂದರ್ಭಗಳಲ್ಲಿ ಅಂಗಗಳ ಜೋಡಣೆ ತಪ್ಪಾದರೆ ವಿವರಣೆಯ ಒಂದು ಭಾಗ ಕೆಡುತ್ತದೆ. ಇಲ್ಲಿ ಜೋಡಣೆಯೇ ಪ್ರಭೇದ. ಮೂರನೆಯ ಚಪ್ಪಡಿಯಲ್ಲಿ ಅವೆರಡೂ ಪಕ್ಕಪಕ್ಕದಲ್ಲಿವೆ ಎಂಬುದನ್ನು ಆಕೆ ಪುರಾವೆಯಾಗಿ ಕೊಟ್ಟಿದ್ದರು. ಪಕ್ಕದಲ್ಲಿರುವುದು ಬೇರೆ, ಅಂಟಿಕೊಂಡಿರುವುದು ಬೇರೆ. ಶಂಕುವಿನ ತೊಟ್ಟು ಮುರಿದಿತ್ತು, ಎಲೆಯ ತುಂಡಿಗೆ ತೊಟ್ಟೇ ಇರಲಿಲ್ಲ.

ಇದನ್ನು ಮಾತಿನಲ್ಲಿ ಹೇಳುವ ಬದಲು ಪರೀಕ್ಷಿಸಿ ನೋಡಲು ಊರಿನಲ್ಲೇ ಅನುಕೂಲವಿತ್ತು. ನಮ್ಮ ಕಡೆ ಮಳೆ ನಿಂತ ಮೇಲೆ ಬೇಸಗೆಯ ನೀರಿಗಾಗಿ ತೋಡುಗಳಿಗೆ ಕಟ್ಟ ಹಾಕುವ ಪದ್ಧತಿ ಇದೆ, ಮಳೆಗಾಲಕ್ಕೆ ಮುಂಚೆ ಅದನ್ನು ಬಿಡಿಸುತ್ತಾರೆ. ಬಿಡಿಸಿದ ಕಟ್ಟವೊಂದರ ಹಿಂದಿನ ಹೂಳನ್ನು ವಿದ್ಯಾರ್ಥಿಗಳು ಪದರವಾಗಿ ಎತ್ತಿ ತಟ್ಟೆಗಳಲ್ಲಿ ಬಿಡಿಸಿದರು. ಎಲೆಗಳಲ್ಲಿ ಹೆಚ್ಚಿನವು ತೋಡಿನ ಮೇಲೆ ಬಾಗಿದ್ದ ಹೊಂಗೆಯವು, ಅವುಗಳ ನಡುವೆ ಅಡಿಕೆ ಸೋಗೆಯ ಚೂರು. ಆದರೆ ಅದೇ ಪದರದಲ್ಲಿ ಎರಡು ರೆಕ್ಕೆಯ ಕಿರಾಲುಬೋಗಿ ಕಾಯಿಗಳಿದ್ದವು. ಆ ಮರ ಇದ್ದುದು ಮೇಲಿನ ಗುಡ್ಡೆಯ ನಾಗಬನದಲ್ಲಿ, ಅದರ ಎಲೆ ಹೂಳಿನಲ್ಲಿ ಒಂದೂ ಸಿಗಲಿಲ್ಲ. ಭಾರದ ಎಲೆ ಬಿದ್ದಲ್ಲೇ ನೆನೆದು ಮುಳುಗುತ್ತದೆ, ರೆಕ್ಕೆಯ ಕಾಯಿ ಗಾಳಿಯಲ್ಲಿ ಬರುತ್ತದೆ, ಗಟ್ಟಿ ಶಂಕು ತೇಲಿಕೊಂಡು ಬರುತ್ತದೆ. ಅಪರಿಚಿತರು ಯಾರಾದರೂ ಆ ಹೂಳನ್ನು ಮಾತ್ರ ನೋಡಿದ್ದರೆ ಹೊಂಗೆಯ ಎಲೆಗೆ ಬೋಗಿಯ ಕಾಯಿ ಕಟ್ಟಿ ಮರವೊಂದನ್ನು ಸೃಷ್ಟಿಸಲು ಅಡ್ಡಿಯಿರಲಿಲ್ಲ.

ಅಂಗಗಳನ್ನು ಜೋಡಿಸಿದ ಹಿರಿಯರು ಎಷ್ಟು ಎಚ್ಚರ ವಹಿಸಿದ್ದರು ಎಂಬುದನ್ನು ಕರಡಿನ ಮುನ್ನುಡಿಯಲ್ಲಿ ಸೇರಿಸಲು ಹೇಳಿದೆ. 1903ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿಗಳಾದ ಆಲಿವರ್ ಮತ್ತು ಸ್ಕಾಟ್ ಅವರು ಬಿಡಿಯಾಗಿ ಸಿಕ್ಕಿದ್ದ ಬೀಜವೊಂದನ್ನು ಜರಿಯಂತಹ ಎಲೆಯ ಲೈಜಿನಾಪ್ಟರಿಸ್ ಎಂಬ ಅಳಿದುಹೋದ ಗಿಡಕ್ಕೆ ಸೇರಿಸಿದಾಗ, ಬೀಜವನ್ನು ಸುತ್ತಿದ ಬಟ್ಟಲಿನಂತಹ ಹೊದಿಕೆಯ ಮೇಲೂ ಗಿಡದ ಕಾಂಡ, ಎಲೆಗಳ ಮೇಲೂ ಒಂದೇ ಬಗೆಯ ತಲೆಯುಳ್ಳ ಗ್ರಂಥಿಗಳಿವೆ ಎಂಬುದು ಅವರ ಮುಖ್ಯ ಆಧಾರ. ನಮ್ಮ ದೇಶದ ಪಳೆಯುಳಿಕೆ ಸಸ್ಯವಿಜ್ಞಾನಿ ಬೀರಬಲ್ ಸಾಹ್ನಿ 1932ರಲ್ಲಿ ರಾಜಮಹಲ್ ಬೆಟ್ಟಗಳ ವಿಲಿಯಮ್ಸೋನಿಯಾ ಸೆವಾರ್ಡಿಯಾನಾ ಎಂಬ ಪಳೆಯುಳಿಕೆ ಗಿಡವನ್ನು ಪುನರ್ರಚಿಸಿದಾಗಲೂ ಕಾಂಡ, ಎಲೆ, ಹೂವುಗಳ ಸಂಬಂಧವನ್ನು ಅಂಗರಚನೆಯಿಂದಲೇ ಕಟ್ಟಿದರು. ಅದೇ ಬೆಟ್ಟಗಳ ನಿಪಾನಿಯಾದ ಪೆಂಟಾಕ್ಸೈಲಾನ್ ಗಿಡದಲ್ಲಂತೂ ಕಾಂಡಕ್ಕೆ ಪೆಂಟಾಕ್ಸೈಲಾನ್, ಎಲೆಗೆ ನಿಪಾನಿಯೋಫಿಲಮ್, ಬೀಜದ ಗೊನೆಗೆ ಕಾರ್ನೋಕೊನೈಟಿಸ್ ಎಂಬ ಬೇರೆ ಬೇರೆ ಹೆಸರುಗಳು ಇಂದೂ ಬಳಕೆಯಲ್ಲಿವೆ. ಒಂದೇ ಗಿಡದ್ದೆಂದು ಒಪ್ಪಿದ ಮೇಲೂ ಹೆಸರುಗಳನ್ನು ಬೇರೆಯಾಗಿ ಇಟ್ಟಿರುವುದು ಅನುಮಾನಕ್ಕೆ ಜಾಗ ಬಿಡುವ ಒಳ್ಳೆಯ ಶಿಸ್ತು.

ಇನ್ನೊಂದು ಕಡೆಯಿಂದಲೂ ಪಾಠವಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ರಿಪಬ್ಲಿಕ್ ಎಂಬ ಊರಿನ, ಈಯೊಸೀನ್ ಎಂಬ ಭೂಯುಗದ ಸರೋವರದ ಪದರಗಳಿಂದ ಜ್ಯಾಕ್ ವುಲ್ಫ್ ಮತ್ತು ವೆಸ್ಲಿ ವೆಹ್ರ್ 1987ರಲ್ಲಿ ಆಲ್ನಸ್ ಪಾರ್ವಿಫೋಲಿಯಾ ಎಂಬ ಆಲ್ಡರನ್ನೂ ಬೆಟುಲಾ ಲಿಯೊಪೋಲ್ಡೇ ಎಂಬ ಭೂರ್ಜವನ್ನೂ ಒಂದೇ ಪ್ರಕಟಣೆಯಲ್ಲಿ ನಿರೂಪಿಸಿದರು. ಆ ಪದರಗಳನ್ನು ಅವರು ಮಧ್ಯ ಈಯೊಸೀನ್ ಎಂದಿದ್ದರು, ಈಗ ಆದಿ ಈಯೊಸೀನ್ ಎಂದು ಪರಿಗಣಿಸುತ್ತಾರೆ, ಅಂದರೆ ಸುಮಾರು 5 ಕೋಟಿ ವರ್ಷ ಹಳೆಯವು. ಒಂದೇ ಸರೋವರದ ತಳದಲ್ಲಿ ಒಂದೇ ಕುಟುಂಬದ ಎರಡು ಕುಲಗಳ ಎಲೆ, ಕಾಯಿಗಳು ಬೆರೆತಿರುವಾಗ, ಯಾವುದು ಯಾರದೆಂದು ಹೇಳಲು ಒಂದೆರಡು ಚಪ್ಪಡಿ ಸಾಲದು, ದೊಡ್ಡ ಸಂಗ್ರಹ ಬೇಕು. ನಮ್ಮಲ್ಲಿದ್ದುದು ಮೂರೇ ಚಪ್ಪಡಿ.

ಮೂರು ಸಾಧ್ಯತೆಗಳು

ಆಕೆಯ ಊಹೆ ಮತ್ತು ಎರಡು ಮರಗಳ ಊಹೆ ಹೊರತು ಮೂರನೆಯದೂ ಒಂದಿತ್ತು: ಎಲ್ಲವೂ ನಿಟಿಡಾವೇ ಆಗಿದ್ದು, ಶಂಕುಗಳು ಎಳೆಯವಾಗಿರಬಹುದು. ಈ ಎರಡೂ ಹಿಮಾಲಯದ ಆಲ್ಡರ್‌ಗಳು ಹೂ ಬಿಡುವುದು ಶರತ್ಕಾಲದಲ್ಲಿ, ಕಾಯಿ ಮಾಗುವುದು ಮರುವರ್ಷ. ಅಂದರೆ ವರ್ಷದ ಬಹುಪಾಲು ಮರದಲ್ಲಿ ಇರುವುದು ಬೆಳೆಯುತ್ತಿರುವ ಶಂಕು. ನಡುವೆ ಗಾಳಿಮಳೆಗೆ ಕೊಂಬೆ ಮುರಿದರೆ ಕೆಸರಿಗೆ ಸೇರುವುದು ಚಿಕ್ಕ ಶಂಕುವೇ. ಮಸೂರದ ಕೆಳಗೆ ನೋಡಿದಾಗ ಮೂರು ಶಂಕುಗಳಲ್ಲಿ ಎರಡರ ಶಲ್ಕಗಳು ಒಂದಕ್ಕೊಂದು ಬಿಗಿದು ಮುಚ್ಚಿಕೊಂಡಿದ್ದವು. ಮುಚ್ಚಿದ ಶಂಕುವಿನ ಉದ್ದವನ್ನು ತೆರೆದ ಶಂಕುವಿನ ಉದ್ದದೊಂದಿಗೆ ಹೋಲಿಸಲು ಬರುವುದಿಲ್ಲ. ಹೊಸತನದ ಒಂದು ಕಂಬ ಅಲ್ಲಿಗೇ ಅಲುಗಾಡಿತು.

ಇನ್ನೊಂದು ಕಂಬ ಪಕ್ಕನರಗಳ ಎಣಿಕೆ. ಒಂದೇ ಮರದಲ್ಲಿ ನೆರಳಿನ ಎಲೆ, ಬಿಸಿಲಿನ ಎಲೆ, ಬುಡದ ಚಿಗುರಿನ ಎಲೆಗಳು ಅಳತೆಯಲ್ಲೂ ಆಕಾರದಲ್ಲೂ ಬೇರೆಯಾಗಿರುತ್ತವೆ. ಹಲಸಿನ ಎಳೆ ಗಿಡದಲ್ಲಿ ಹಾಲೆಯೊಡೆದ ಎಲೆಯನ್ನೂ ಅದೇ ಮರ ಬೆಳೆದ ಮೇಲೆ ಅಖಂಡ ಎಲೆಯನ್ನೂ ಕಂಡಿರುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದೇ ಪೂರ್ಣ ಎಲೆಯಿಂದ ಪ್ರಭೇದದ ಪರಿಮಿತಿ ಹೇಳುವುದು ಆಗದ ಮಾತು.

ಎರಡನೆಯ ಚಪ್ಪಡಿಯಲ್ಲಿ ಶಲ್ಕಗಳು ಸ್ವಲ್ಪ ತೆರೆದಿದ್ದ ಶಂಕು ಮೊದಲೇ ಅರ್ಧಕ್ಕೆ ಸೀಳಿತ್ತು. ಸೂಜಿಯಿಂದ ಜೇಡಿಯನ್ನು ಬಿಡಿಸಿದಾಗ ಶಲ್ಕದ ಬುಡದಲ್ಲಿ ಚಪ್ಪಟೆಯಾದ ಕಿರುಕಾಯಿಯೊಂದು ಕಂಡಿತು, ತುದಿಯಲ್ಲಿ ಎರಡು ಶಲಾಕೆಗಳ, ಅಂದರೆ ಹೂವಿನ ಅಂಡಾಶಯದ ಮೇಲಿನ ಕಡ್ಡಿಗಳ, ಮೊಂಡು ಉಳಿದಿತ್ತು. ನೆಪಾಲೆನ್ಸಿಸ್ ಕಿರುಕಾಯಿಯ ರೆಕ್ಕೆ ತೆಳು, ಪೊರೆಯಂಥದ್ದು, ಸಾಕಷ್ಟು ಅಗಲ. ನಿಟಿಡಾದ್ದು ಕಿರಿದು, ದಪ್ಪ. ನಮಗೆ ಕಂಡುದರ ಅಂಚು ಕಿರಿದಾಗಿತ್ತು, ಕಾಯಿಯಷ್ಟೇ ಕಪ್ಪಗಿತ್ತು. ತೆಳುಪೊರೆ ಕೊಳೆತುಹೋಗಿರುವ ಸಾಧ್ಯತೆಯನ್ನು ಪೂರ್ತಿ ಅಲ್ಲಗಳೆಯಲಾಗದು, ಆದರೂ ಇರುವ ಸಾಕ್ಷ್ಯ ಮೂರನೆಯ ಸಾಧ್ಯತೆಯ ಕಡೆಗೇ ವಾಲುತ್ತದೆ. ಎಲೆಯಿಂದ ಎದ್ದ ಇಂಗಾಲದ ಸಿಪ್ಪೆಯನ್ನು ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಮ್ ಕ್ಲೋರೇಟಿನ ಮಿಶ್ರಣದಲ್ಲಿ ನೆನೆಸಿ, ಬಳಿಕ ಅಮೋನಿಯಾದಿಂದ ಬಿಡಿಸಿ ಹೊರಪೊರೆ ತೆಗೆಯುವ ಪ್ರಯತ್ನವೂ ನಡೆಯಿತು. ಗ್ರಂಥಿಯ ಬುಡದ ದುಂಡು ಗುರುತುಗಳು ಸಿಕ್ಕಿ ಎಲೆ ಆಲ್ಡರಿನದೆಂಬ ನಂಬಿಕೆ ಬಲವಾಯಿತು. ಅಂತಹ ಗ್ರಂಥಿಗಳು ಹಲವು ಆಲ್ಡರ್‌ಗಳಲ್ಲಿ ಇರುವುದರಿಂದ ಪ್ರಭೇದದ ಪ್ರಶ್ನೆ ಅದರಿಂದ ತೀರಲಿಲ್ಲ. ಶಲ್ಕದಿಂದ ಹೋಲಿಕೆಗೆ ಯೋಗ್ಯವಾದ ಪೊರೆ ಬರಲೇ ಇಲ್ಲ.

ನಿಯಮಾವಳಿ ಒಪ್ಪಿದರೂ

"ಸರ್, ನಿಯಮಾವಳಿಯ ಪ್ರಕಾರ ತೊಡಕೇನೂ ಇಲ್ಲವಲ್ಲ?" ಎಂದು ಆಕೆ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದು. ಸಸ್ಯನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿಯಂತೆ 1996ರಿಂದೀಚೆಗೆ ಪಳೆಯುಳಿಕೆಯ ಹೊಸ ಹೆಸರಿಗೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವಿವರಣೆ ಬೇಕು, ಲಕ್ಷಣ ತೋರಿಸುವ ಚಿತ್ರ ಬೇಕು, ಹೋಲೋಟೈಪ್ ಎಂದು, ಅಂದರೆ ಆ ಹೆಸರಿಗೆ ಆಧಾರವಾದದ್ದೆಂದು, ಒಂದು ಮಾದರಿಯನ್ನು ಗೊತ್ತುಪಡಿಸಿ ಅದು ಯಾವ ಸಂಗ್ರಹದಲ್ಲಿದೆ ಎಂದು ಹೇಳಬೇಕು. ಕರಡಿನಲ್ಲಿ ಇವೆಲ್ಲ ಇದ್ದವು. ಆದರೆ ನಿಯಮಾವಳಿ ನೋಡುವುದು ಹೆಸರು ಕ್ರಮಬದ್ಧವಾಗಿ ಹುಟ್ಟಿತೇ ಎಂಬುದನ್ನು ಮಾತ್ರ. ಅದರ ಹಿಂದೆ ಮರ ಇತ್ತೇ ಎಂದು ನೋಡುವುದು ಬರೆಯುವವರ ಕೆಲಸ.

ಕರೇವಾದಲ್ಲಿ ಈ ಎಚ್ಚರಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿನ ಎಲೆಗಳು ಬರಿಯ ಎಲೆಗಳಾಗಿ ಉಳಿಯುವುದಿಲ್ಲ. ಈಗ ತಗ್ಗಿನಲ್ಲಿ ಬೆಳೆಯುವ ಗಿಡಗಳ ಎಲೆಗಳು ಎತ್ತರದ ಪದರಗಳಲ್ಲಿ ಸಿಗುವುದನ್ನು, ಕೆಸರು ಶೇಖರವಾದ ಮೇಲೆ ಪೀರ್ ಪಂಜಾಲ್ ಮೇಲೆದ್ದಿದೆ ಎಂಬುದಕ್ಕೆ ಸಾಕ್ಷ್ಯವಾಗಿ ಬಳಸಲಾಗಿದೆ. ಮಾನವನ ಕಾಲದಲ್ಲೂ ಹಿಮಾಲಯ ಏರಿದೆ ಎಂಬ ವಿಚಾರವನ್ನು ಸಾಹ್ನಿ 1936ರಲ್ಲೇ ಮಂಡಿಸಿದ್ದರು. ಇಂತಹ ಲೆಕ್ಕದಲ್ಲಿ ನಿಟಿಡಾಕ್ಕೆ ಒಂದು ಬೆಲೆ, ನೆಪಾಲೆನ್ಸಿಸ್‌ಗೆ ಇನ್ನೊಂದು ಬೆಲೆ. ಅಳಿದುಹೋದ ಹೊಸ ಪ್ರಭೇದವೆಂದರೆ ಅದರ ವಾಸದ ಎತ್ತರ ಗೊತ್ತಿಲ್ಲವೆಂದೇ ಅರ್ಥ, ಆ ಎಲೆ ಲೆಕ್ಕದಿಂದ ಹೊರಗೆ ಹೋಗುತ್ತದೆ. ಚಪ್ಪಡಿ ಸಿಕ್ಕಿದ ಪದರವೂ ಎತ್ತರವೂ ಗೊತ್ತಿಲ್ಲದ ನಮ್ಮ ಮಾದರಿ ಹೋಲೋಟೈಪ್ ಆದರೆ, ಮುಂದೆ ಅದರ ಜೊತೆ ಹೋಲಿಸಿ ನೋಡಬೇಕಾದವರು ಅದೇ ಪದರಕ್ಕೆ ಹೋಗಿ ಇನ್ನಷ್ಟು ಸಂಗ್ರಹಿಸಲು ದಾರಿಯೇ ಇರುವುದಿಲ್ಲ.

ಹೀಗಾಗಿ ಅಂತಿಮ ಪ್ರಬಂಧದಲ್ಲಿ ಎಲೆಗಳನ್ನೂ ಶಂಕುಗಳನ್ನೂ ಬೇರೆ ಬೇರೆ ಶೀರ್ಷಿಕೆಗಳಲ್ಲಿ ವಿವರಿಸಲಾಯಿತು. ಎಲೆ ಮತ್ತು ಶಂಕು ಎರಡಕ್ಕೂ ಆಲ್ನಸ್ ನಿಟಿಡಾಕ್ಕೆ ಹೋಲಿಸಬಹುದಾದದ್ದು ಎಂಬ ಸೂಚನೆಯೊಂದಿಗೆ ತೆರೆದ ಹೆಸರು, ಅಂದರೆ ಪ್ರಭೇದವನ್ನು ಖಚಿತಪಡಿಸದ ಹೆಸರು, ಕೊಡಲಾಯಿತು, ಎರಡೂ ಒಂದೇ ಮರದವೆಂಬ ಮಾತನ್ನು ಚರ್ಚೆಯ ಭಾಗದಲ್ಲಿ ಸಾಧ್ಯತೆಯಾಗಿ ಮಾತ್ರ ಇಡಲಾಯಿತು. ಕಟ್ಟದ ಹೂಳಿನ ಪಟ್ಟಿ ಅನುಬಂಧವಾಗಿ ಸೇರಿತು. ನನ್ನ ಮಟ್ಟಿಗೆ ಆ ಪ್ರಬಂಧದ ಅತ್ಯಂತ ಸ್ವಂತ ಭಾಗ ಅದು. ವಿದ್ಯಾರ್ಥಿನಿಗೆ ಮೊದಲು ಬೇಸರವಾಗಿತ್ತು, ಹೊಸ ಹೆಸರು ಕೈತಪ್ಪುವುದು ಯಾರಿಗೂ ಸಣ್ಣ ವಿಷಯವಲ್ಲ.

ಚಪ್ಪಡಿಗಳಿಗೆ ಸಂಖ್ಯೆ ಕೊಟ್ಟು, ಕೊಟ್ಟವರು ಹೇಳಿದ ಮಾತನ್ನು ಅವರ ಶಬ್ದಗಳಲ್ಲೇ ಬರೆದು, ವಾರ್ನಿಶ್ ಬಳಿದಿದ್ದನ್ನೂ ಅಸಿಟೋನಿನಿಂದ ತೆಗೆದುದನ್ನೂ ಚೀಟಿಯಲ್ಲಿ ನಮೂದಿಸಲಾಗಿದೆ. ಮುಂದೆ ಯಾರಾದರೂ ರಾಸಾಯನಿಕ ಪರೀಕ್ಷೆಗೆ ತೊಡಗಿದರೆ ಆ ಸಾಲು ಅವರಿಗೆ ಅಗತ್ಯ. ಮುಚ್ಚಿದ ಶಂಕುಗಳನ್ನು ಒಡೆಯದೆ ಇಟ್ಟಿದ್ದೇವೆ. ಕ್ಷ-ಕಿರಣದ ಸೂಕ್ಷ್ಮ ಸಿಟಿ ಸ್ಕ್ಯಾನಿನ ಸೌಲಭ್ಯ ದೊರೆತಾಗ ಒಳಗಿನ ಕಿರುಕಾಯಿಗಳ ರೆಕ್ಕೆಯ ಅಗಲವನ್ನು ಮುರಿಯದೆಯೇ ಅಳೆಯಬಹುದು. ಆ ಅಳತೆ ಕಿರಿದಾಗಿ ಬಂದರೆ ಶಂಕುಗಳ ಶೀರ್ಷಿಕೆಯಲ್ಲಿರುವ ಹೋಲಿಕೆಯ ಸೂಚನೆಯನ್ನು ತೆಗೆದು ನಿಟಿಡಾ ಎಂದೇ ಬರೆಯಬಹುದು, ಅಗಲವಾಗಿ ಬಂದರೆ ಎರಡು ಮರಗಳ ಸಾಧ್ಯತೆಗೆ ಹಿಂತಿರುಗಬೇಕಾಗುತ್ತದೆ. ಎಲೆಯ ಶೀರ್ಷಿಕೆ ಮಾತ್ರ ಎರಡೂ ಸಂದರ್ಭಗಳಲ್ಲಿ ಈಗಿರುವಂತೆಯೇ ಇರುತ್ತದೆ.